ಉಂಗುರವಿಲ್ಲದ ಶನಿ

ಬೆಟಗೇರಿಯಲ್ಲಿ ಯಾರ ಮನೆಯ ದೇವರ ಪಟದ ಗಾಜು ಒಡೆದರೂ ಜನ ಮೊದಲು ನೆನೆಯುತ್ತಿದ್ದುದು ಅಬ್ದುಲಗನಿಯನ್ನು. ಪಟಗಳಿಗೆ ಕಟ್ಟು ಹಾಕುವುದು, ಕನ್ನಡಿ ಕೊಯ್ದು ಕೊಡುವುದು ಅವನ ಅಪ್ಪ ಲಾಡಸಾಬನ ಕಾಲದಿಂದ ನಡೆದುಬಂದ ಕಸುಬು. ಬಸವಣ್ಣ, ಮಕ್ಕಾ-ಮದೀನ, ತೀರಿಹೋದ ಅಜ್ಜಂದಿರು, ಹೊಸ ಮದುವೆಯ ಜೋಡಿಗಳು, ಎಲ್ಲರೂ ಅವನ ಕೈ ದಾಟಿಯೇ ಗೋಡೆ ಏರಬೇಕು. ವಜ್ರದ ಮೊನೆಯಿಂದ ಗಾಜಿನ ಮೇಲೆ ಒಂದೇ ಗೀಟು ಎಳೆದು, ಮೇಜಿನ ಅಂಚಿಗಿಟ್ಟು ಟಕ್ಕೆಂದು ಮುರಿದನೆಂದರೆ ಎಳ್ಳಷ್ಟೂ ಸೊಟ್ಟಾಗುತ್ತಿರಲಿಲ್ಲ.

ಅಪ್ಪನಿಂದ ಅವನಿಗೆ ಬಂದದ್ದು ಕಸುಬೊಂದೇ ಅಲ್ಲ. ಲಾಡಸಾಬನಿಗೆ ನಲವತ್ತೆರಡಕ್ಕೆ ಎರಡೂ ಕಣ್ಣು ಹೋಗಿದ್ದವು. ಮೊದಲು ಇರುಳುಗಣ್ಣು. ಆಮೇಲೆ ಹಗಲಿನಲ್ಲೂ ಎಡಬಲದ್ದು ಕಾಣದಾಯಿತು. ಕೊಳವೆಯೊಳಗಿಂದ ನೋಡಿದಂತೆ ಎದುರಿನದಷ್ಟೇ ಉಳಿದು, ಆ ಕೊಳವೆಯೂ ವರ್ಷ ವರ್ಷ ಸಣ್ಣದಾಗುತ್ತ ಹೋಗಿ ಒಂದು ದಿನ ಮುಚ್ಚಿಕೊಂಡಿತು. 1976ರ ಮಳೆಗಾಲದ ಒಂದು ಮುಸ್ಸಂಜೆ ಗದಗಿನ ಸ್ಟೇಶನ್ ಕಡೆಯಿಂದ ಸೈಕಲ್ಲಿನ ಮೇಲೆ ಬರುತ್ತಿದ್ದ ಅಬ್ದುಲಗನಿ, ದಿನಾ ಹಾಯುವ ಗಟಾರಿನೊಳಗೇ ಸೈಕಲ್ಲು ಸಮೇತ ಬಿದ್ದ. ಮೊಣಕೈ ತರಚಿಹೋಗಿತ್ತು. ಅದರ ಉರಿ ಅವನಿಗೆ ಹತ್ತಲಿಲ್ಲ. ಗಟಾರಿನಲ್ಲಿ ಕೂತೇ ತನ್ನ ಕೈಯನ್ನು ಮುಖದ ಮಗ್ಗುಲಿಗೆ ಹಿಡಿದು, ಬೆರಳು ಅಲ್ಲಾಡಿಸಿ ನೋಡಿದ. ಬೆರಳು ಕಾಣಲಿಲ್ಲ. ಆಗ ಅವನಿಗೆ ಮೂವತ್ತೊಂದು ವರ್ಷ.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ನಿಮ್ಮ ತಂದಿಯವರಿಗೆ ಆದದ್ದ ನಿಮಗೂ ಆಗೇತಿ. ಇದಕ್ಕ ಔಷಧ ಇಲ್ಲ. ಏಳೆಂಟು ವರ್ಷ ತಾಳಬಹುದು. ಕಡೀತನಕ ನಟ್ಟನಡುವಿನ ನೋಟ ಉಳಿದಿರತೈತಿ, ಅಷ್ಟ ಸಮಾಧಾನ."

ಮನೆಗೆ ಬಂದವನೇ ಅಪ್ಪನ ಮುಂದೆ ಕೂತ. ಲಾಡಸಾಬ ಆಗ ಮುದುಕನಾಗಿ, ಹಗಲೆಲ್ಲ ಹೊಸ್ತಿಲ ಬಳಿ ಜಪಮಣಿ ಎಣಿಸುತ್ತ ಕೂತಿರುತ್ತಿದ್ದ.

"ಅಬ್ಬಾ, ಕಣ್ಣ ಇದ್ದಾಗ ನೋಡಿದ್ದು ಯಾವುದು ಈಗೂ ನೆನಪೈತಿ?"

ಮುದುಕ ಜಪಮಣಿಯನ್ನು ತೊಡೆಯ ಮೇಲಿಟ್ಟ. ಮಗ ಯಾಕೆ ಕೇಳುತ್ತಿದ್ದಾನೆಂದು ಅವನಿಗೆ ತಿಳಿದಿರಬೇಕು. "ಗಾಜು ನೋಡಿದೆ. ಗಿರಾಕಿ ಮಾರಿ ನೋಡಿದೆ. ಮತ್ತೇನೂ ನೋಡ್ಲಿಲ್ಲಪಾ. ನೋಡಬೇಕಂತ ಹೊಳೀಲಿಲ್ಲ."

ಮರುವರ್ಷ ಅವನು ತೀರಿಕೊಂಡ. ಆ ಮಾತು ಮಾತ್ರ ಮಗನ ಎದೆಯಲ್ಲಿ ಗಾಜಿನ ಚೂರಿನಂತೆ ನಟ್ಟು ಕೂತಿತು.

ಅದೇ ದಿನಗಳಲ್ಲಿ ಹೈಸ್ಕೂಲಿನ ವಿಜ್ಞಾನ ಮಾಸ್ತರ ಉಳವಪ್ಪ ಒಂದು ದೊಡ್ಡ ಚಿತ್ರಕ್ಕೆ ಕಟ್ಟು ಹಾಕಿಸಲು ತಂದ. ಕಪ್ಪು ಹಿನ್ನೆಲೆ, ನಡುವೆ ಬೆಣ್ಣೆಯ ಮುದ್ದೆಯಂಥ ಗುಂಡು, ಅದರ ಸುತ್ತ ಎಲ್ಲಿಯೂ ತಾಗದಂತೆ ನಿಂತ ಅಗಲವಾದ ಉಂಗುರ.

"ಇದೇನ್ರಿ ಮಾಸ್ತರ?"

"ಶನಿ. ಶನಿಗ್ರಹ. ಬರಿಗಣ್ಣಿಗೆ ಚುಕ್ಕಿ ಕಂಡಂಗ ಕಾಣತೈತಿ. ದೂರದರ್ಶಕದಾಗ ನೋಡಿದ್ರ ಹಿಂಗ."

"ಖರೇನ ಹಿಂಗ ಐತೇನು, ಬರದವ್ರು ಚಂದ ಮಾಡಿ ಬರದಾರೊ?"

"ಖರೇನ ಐತಿ. ನಾನೂ ನೋಡಿಲ್ಲ. ನೋಡಿದವ್ರು ಬರದದ್ದು ಓದೇನಿ."

ಪಟ ಮೂರು ವಾರ ಅಂಗಡಿಯಲ್ಲೇ ಉಳಿಯಿತು. ಅಬ್ದುಲಗನಿ ಕೆಲಸ ಬಿಟ್ಟು ಬಿಟ್ಟು ಅದನ್ನೇ ನೋಡುತ್ತಿದ್ದ. ಬೇರೆಲ್ಲ ನೋಡಲಿಕ್ಕೆ ಎಡಬಲ ಬೇಕು: ಜಾತ್ರೆ, ಬಯಲು, ಸಮುದ್ರ. ಇದು ಕೊಳವೆಯೊಳಗಿಂದಲೇ ನೋಡುವಂಥದ್ದು. ಅವನಿಗೆ ಉಳಿಯುವ ನೋಟವೂ ಅಷ್ಟೇ ಅಗಲದ್ದು. ಕಣ್ಣು ಮುಚ್ಚುವುದರೊಳಗೆ ಇದೊಂದನ್ನು ನೋಡಿಬಿಡಬೇಕು ಎಂದು ಅವನು ನಿಶ್ಚಯಿಸಿದ.

ದೂರದರ್ಶಕ ಕೊಳ್ಳುವುದು ಕನಸಿನ ಮಾತು. ಆದರೆ ಉಳವಪ್ಪನ ಹತ್ತಿರ ಒಂದು ಹಳೆಯ ಪುಸ್ತಕವಿತ್ತು. ಎರಡು ದಪ್ಪ ಗಾಜಿನ ಬಿಲ್ಲೆ ತೆಗೆದುಕೊಂಡು, ನಡುವೆ ಗರಗರ ಪುಡಿ, ನೀರು ಹಾಕಿ, ಒಂದರ ಮೇಲೊಂದು ಉಜ್ಜುತ್ತ ಹೋದರೆ ಮೇಲಿನದರ ನಡು ತಾನಾಗಿ ತಗ್ಗಾಗುತ್ತದೆ. ಆ ತಗ್ಗಿಗೆ ಬೆಳ್ಳಿಯ ಲೇಪ ಕೊಟ್ಟರೆ ಆಕಾಶ ತೋರಿಸುವ ಕನ್ನಡಿಯಾಗುತ್ತದೆ ಎಂದು ಅದರಲ್ಲಿ ಬರೆದಿತ್ತು. ತಗ್ಗು ಎಂದರೆ ಒಂದು ನಾಣ್ಯದ ದಪ್ಪದಷ್ಟು. ಮಾಸ್ತರ ಓದಿ ಹೇಳಿದಂತೆಲ್ಲ ಅಬ್ದುಲಗನಿಯ ಕೈ ತುರಿಸತೊಡಗಿತು. ಗಾಜು ತನ್ನದೇ ಕುಲದ್ದು.

ಹತ್ತಿ ವ್ಯಾಪಾರಿಯೊಬ್ಬರ ಹಳೆಯ ಅಂಗಡಿ ಕೆಡವುವಾಗ ಸಿಕ್ಕ ಒಂದಿಂಚು ದಪ್ಪದ ಗಾಜನ್ನು ತಂದು ಆರಿಂಚಿನ ಎರಡು ಬಿಲ್ಲೆ ಮಾಡಿದ. ಉಜ್ಜುವ ಪುಡಿ ಮೋಟಾರು ಗ್ಯಾರೇಜಿನಿಂದ, ಹೊಳಪು ಕೊಡುವ ಕೆಂಪು ಪುಡಿ ಅಕ್ಕಸಾಲಿಗರಿಂದ ಬಂತು. ಹಿತ್ತಲಲ್ಲಿ ಡಾಂಬರಿನ ಖಾಲಿ ಪೀಪಾಯಿ ನಿಲ್ಲಿಸಿ, ಅದರ ಮೇಲೆ ಬಿಲ್ಲೆ ಕೂರಿಸಿ, ಸುತ್ತ ಸುತ್ತುತ್ತ ಉಜ್ಜಿದ. ಒಂದು ದಿನವಲ್ಲ, ಒಂದು ತಿಂಗಳಲ್ಲ, ಒಂದೂವರೆ ವರ್ಷ. ಪಕ್ಕದ ಮನೆಯ ಗದಿಗೆವ್ವ ಗೋಡೆಯ ಮೇಲಿಂದ ಇಣುಕಿ ಅವನ ಹೆಂಡತಿ ರೋಶನಬಿಯನ್ನು ಕೇಳುತ್ತಿದ್ದಳು: "ನಿನ್ನ ಗಂಡ ಶನಿ ನೋಡ್ತಾನಂತಲ್ಲ ತಂಗಿ? ಶನಿ ನಮ್ಮನ್ನ ನೋಡೋದ ಸಾಲದಾಗೇತೇನು?"

ರೋಶನಬಿ ಲಕ್ಷ್ಮೇಶ್ವರದವಳು. ಮಾತು ಕಡಿಮೆ. ಮಕ್ಕಳಿರಲಿಲ್ಲ. ಗಂಡನ ಕಣ್ಣಿನ ವಿಷಯ ಊರಿನಲ್ಲಿ ಅವಳೊಬ್ಬಳಿಗೇ ಪೂರಾ ಗೊತ್ತು. "ಅವ್ರ ಕಣ್ಣು, ಅವ್ರ ಇಚ್ಛಾ, ಬೇ" ಎಂದು ಗದಿಗೆವ್ವನ ಬಾಯಿ ಮುಚ್ಚಿಸಿ ಒಳಗೆ ಹೋಗುತ್ತಿದ್ದಳು.

1979ರ ಸೆಪ್ಟೆಂಬರಿನಲ್ಲಿ ಅಮೆರಿಕದವರು ಹಾರಿಸಿದ ಯಂತ್ರವೊಂದು ಆರು ವರ್ಷ ನಡೆದು ಶನಿಯ ಹತ್ತಿರ ಹಾಯ್ದಿತೆಂದು ರೇಡಿಯೊದಲ್ಲಿ ಬಂತು. ಅಬ್ದುಲಗನಿ ಉಜ್ಜುವುದನ್ನು ನಿಲ್ಲಿಸಿ ಕೇಳಿದ. ಅಷ್ಟು ದೂರ ಹೋದ ಯಂತ್ರಕ್ಕೆ ದಾರಿಯಲ್ಲಿ ಯಾವ ಅವಸರವೂ ಇರಲಿಲ್ಲ. ಅವಸರವಿದ್ದದ್ದು ತನಗೆ. ಆ ಹೊತ್ತಿಗೆ ಊಟಕ್ಕೆ ಕೂತರೆ ತಾಟಿನ ರೊಟ್ಟಿ ಕಾಣುತ್ತಿತ್ತು, ಪಕ್ಕದ ನೀರಿನ ಚರಿಗೆ ಕಾಣುತ್ತಿರಲಿಲ್ಲ.

ಮುಂದಿನ ಫೆಬ್ರುವರಿಯಲ್ಲಿ ಸೂರ್ಯ ಪೂರಾ ಮುಚ್ಚುವ ಗ್ರಹಣ ನಮ್ಮ ಸೀಮೆಯ ಮೇಲೆಯೇ ಹಾಯುತ್ತದೆಂದು ಪೇಟೆಗೆಲ್ಲ ಸುದ್ದಿ. ಪರವೂರಿನ ವಿಜ್ಞಾನಿಗಳು ಪೆಟ್ಟಿಗೆ ಪೆಟ್ಟಿಗೆ ಸಾಮಾನು ತಂದು ಡೇರೆ ಹಾಕಿದರು. ಒಬ್ಬ ಪ್ರೊಫೆಸರು ಅಬ್ದುಲಗನಿಯ ಅಂಗಡಿಗೇ ಬಂದರು. ಅವರ ಉಪಕರಣವೊಂದರ ಗಾಜು ದಾರಿಯಲ್ಲಿ ಸೀಳಿತ್ತು. ಗಾಜು ಕೊಯ್ದುಕೊಟ್ಟು, ಅವನು ಅಂಜುತ್ತಂಜುತ್ತ ತನ್ನ ಕನ್ನಡಿಯನ್ನು ಬಟ್ಟೆಯಿಂದ ಬಿಚ್ಚಿ ಮುಂದಿಟ್ಟ. ಪ್ರೊಫೆಸರು ಒಂದು ಸಣ್ಣ ದೀಪ, ಒಂದು ಬ್ಲೇಡು ಕೇಳಿ ತರಿಸಿಕೊಂಡು, ದೂರ ನಿಂತು, ಕನ್ನಡಿಯ ಏರುತಗ್ಗು ತೋರಿಸುವ ನೆರಳನ್ನು ಬಹಳ ಹೊತ್ತು ನೋಡಿದರು.

"ಇದನ್ನು ನೀವು ಕೈಯಲ್ಲೇ ಮಾಡಿದಿರಾ? ತುಂಬಾ ಚೆನ್ನಾಗಿದೆ ಸಾಹೇಬರೇ. ನಮ್ಮ ಹುಡುಗರ ಕೈಲೂ ಇಷ್ಟು ಒಳ್ಳೇದು ಬರೋಲ್ಲ." ಹೋಗುವಾಗ ದೂರದರ್ಶಕದ ಕೊಳವೆಗೆ ಸಿಕ್ಕಿಸಿ ಕಣ್ಣಿಟ್ಟು ನೋಡುವ ಹಿತ್ತಾಳೆಯ ಭೂತಗನ್ನಡಿಯೊಂದನ್ನು ಕೊಟ್ಟು, ತಮ್ಮ ವಿಳಾಸ ಬರೆದಿಟ್ಟರು.

ಗ್ರಹಣದ ದಿನ ಊರಿನ ಬಾಗಿಲೆಲ್ಲ ಮುಚ್ಚಿದ್ದವು. ಅಬ್ದುಲಗನಿ ರೋಶನಬಿಯನ್ನು ಕರೆದುಕೊಂಡು ಮಾಳಿಗೆ ಏರಿದ. ಮಧ್ಯಾಹ್ನ ಮೂರೂಮುಕ್ಕಾಲರ ಸುಮಾರಿಗೆ ಬಿಸಿಲು ಹಳಸಿದಂತಾಗಿ, ಒಮ್ಮೆಲೇ ಬೆಳಕು ಆರಿತು. ಡೇರೆಯ ಕಡೆಯಿಂದ ಜನ ಹೋ ಎಂದು ಕೂಗಿದರು. ಅವನಿಗೆ ಮಾತ್ರ ಏನೂ ಇರಲಿಲ್ಲ. ಮಾಳಿಗೆ ಇಲ್ಲ, ಊರು ಇಲ್ಲ, ಆಕಾಶ ಎತ್ತ ಎಂಬುದೂ ಇಲ್ಲ. ಕತ್ತು ಎತ್ತಿ ಹುಡುಕಿದ. ಸೂರ್ಯ ಎಲ್ಲಿ ಹೋದನೆಂದು ಸಿಗಲಿಲ್ಲ. ಒಂದು ಹೆಜ್ಜೆ ಇಟ್ಟರೆ ಕೆಳಗೆ ಬೀಳುತ್ತೇನೆಂದು ನಿಂತಲ್ಲೇ ಕೈಚಾಚಿ ತಡಕಾಡಿದ.

"ರೋಶನಾ, ಎಲ್ಲಿದ್ದಿ?"

"ಇಲ್ಲೇ ಅದೇನಿ. ನಿಮ್ಮ ಮಗ್ಗಲದಾಗ."

ಎರಡೂವರೆ ನಿಮಿಷ ಅವಳ ರಟ್ಟೆ ಬಿಗಿಯಾಗಿ ಹಿಡಿದು ನಿಂತ. ಬೆಳಕು ಮರಳಿದಾಗ ಊರೆಲ್ಲ ನಿಟ್ಟುಸಿರುಬಿಟ್ಟಿತು. ಅವನು ಅಲ್ಲೇ ಕುಸಿದು ಕೂತ. "ಮುಂದ ಹಿಂಗ ಇರತೈತೇನ? ಯಾವಾಗ್ಲೂ ಹಿಂಗ?" ಎಂದ. ರೋಶನಬಿ ಅವನನ್ನು ಎಬ್ಬಿಸಿ ಮಾಳಿಗೆಯಿಂದ ಕೆಳಗಿಳಿಸಿದಳು.

ಆಮೇಲೆ ಅವನಿಗೆ ನಿದ್ದೆಯೇ ಇಲ್ಲ. ತಗಡಿನವನ ಹತ್ತಿರ ನಾಲ್ಕು ಫೂಟಿನ ಕೊಳವೆ ಮಾಡಿಸಿ, ಕನ್ನಡಿಗೆ ಬೆಳ್ಳಿ ಹಿಡಿಸಿ, ಮಾರ್ಚ್ ತಿಂಗಳೊಳಗೆ ದೂರದರ್ಶಕ ನಿಲ್ಲಿಸಿಯೇಬಿಟ್ಟ. ಮೊದಲು ಚಂದ್ರನನ್ನು ನೋಡಿದರು. ಕುಳಿಗಳು, ಬೆಟ್ಟದ ನೆರಳುಗಳು, ಒಂದೊಂದೂ ಕೆತ್ತಿಟ್ಟಂತೆ. ಉಳವಪ್ಪ ಮಗುವಿನ ಹಾಗೆ ಕುಣಿದ. ನಂತರ ಮೂಡಣದಲ್ಲಿ ಏರಿಬಂದ ಶನಿಯತ್ತ ಕೊಳವೆ ತಿರುಗಿಸಿದರು. ಚುಕ್ಕಿ ಹುಡುಕಿ ಕೊಳವೆ ಗುರಿಹಿಡಿಯುವ ಕೆಲಸ ರೋಶನಬಿಯದು. ಗಂಡನಿಗೆ ಅದು ಆಗುತ್ತಿರಲಿಲ್ಲ.

ಅಬ್ದುಲಗನಿ ಕಣ್ಣಿಟ್ಟ. ಹಳದಿ ಗುಂಡು ಕಂಡಿತು. ಉಂಗುರ ಇರಲಿಲ್ಲ.

ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದ. ಬರೀ ಗುಂಡು. "ನೀ ನೋಡು" ಎಂದು ಹೆಂಡತಿಗೆ ಜಾಗ ಬಿಟ್ಟ.

"ಲಿಂಬಿಹಣ್ಣಿನಂಗ ಐತಿ."

"ಸುತ್ತ?"

"ಸುತ್ತ ಏನೂ ಇಲ್ಲರಿ."

ಉಳವಪ್ಪ ನೋಡಿದ. ಅವನಿಗೂ ಇಲ್ಲ. ಅಂದರೆ ದೋಷ ಕಣ್ಣಿನದಲ್ಲ, ಕನ್ನಡಿಯದು. ಮರುದಿನ ನೋಡಿದರು, ವಾರ ಬಿಟ್ಟು ನೋಡಿದರು, ಏಪ್ರಿಲ್ ಪೂರ್ತಿ ನೋಡಿದರು. ಗುಂಡೇ ಗುಂಡು. ಉಳವಪ್ಪ ಪ್ರೊಫೆಸರಿಗೆ ಪತ್ರ ಬರೆದ. ಉತ್ತರ ಬರಲಿಲ್ಲ.

"ಆ ಪ್ರೊಫೆಸರು ಸುಳ್ಳ ಹೊಗಳಿದ್ರು. ಎಲ್ಲೋ ತಪ್ಪಿದೆ ನಾನು" ಎಂದ ಅಬ್ದುಲಗನಿ.

"ಚಂದ್ರ ಅಷ್ಟು ಚೊಲೊ ಕಾಣತೈತಲ್ರಿ ಗನಿಸಾಬ್ರ. ಪತ್ರದ ದಾರಿ ನೋಡೂನು. ಮುಂದಿನ ವರ್ಷಾನೂ ಶನಿ ಬರತೈತಿ."

"ನಿಮಗ ಬರತೈತಿ, ಮಾಸ್ತರ. ನನ್ನ ಕಣ್ಣು ಅಲ್ಲೀತನಕ ಕಾಯ್ತಾವೇನ್ರಿ?"

ಉಳವಪ್ಪನಿಗೆ ಕಣ್ಣಿನ ಸಂಗತಿ ಗೊತ್ತಾದದ್ದು ಅವತ್ತೇ.

ಮೇ ತಿಂಗಳಲ್ಲಿ ಅಬ್ದುಲಗನಿ ಕನ್ನಡಿಯನ್ನು ಹೊರತೆಗೆದು, ಬೆಳ್ಳಿ ತೊಳೆದು, ಮತ್ತೆ ಹೊಳಪಿನ ಪುಡಿ ಹಾಕಿ ಉಜ್ಜತೊಡಗಿದ. ಎಲ್ಲಿ ತಪ್ಪಿದೆಯೆಂದು ಗೊತ್ತಿಲ್ಲದೆ ಉಜ್ಜುವುದೆಂದರೆ ನೋವು ಎಲ್ಲಿದೆಯೆಂದು ತಿಳಿಯದೆ ಕೊಯ್ದ ಹಾಗೆ. ಬೇಸಿಗೆಯ ಧಗೆಗೆ ಹೊಳಪು ಕೊಡುವ ರಾಳ ಮೆತ್ತಗಾಗಿ ಜಾರುತ್ತಿತ್ತು. ಎಂಟು ದಿನದಲ್ಲಿ ಕನ್ನಡಿಯ ಅಂಚು ಕೆಟ್ಟಿತು. ಸರಿಪಡಿಸಲು ಹೋದರೆ ನಡು ಕೆಟ್ಟಿತು. ದೀಪ-ಬ್ಲೇಡು ಹಿಡಿದು ನೋಡಿದರೆ, ಮೊದಲು ನೀರಿನಂತೆ ಒಂದೇ ಸಮ ಇದ್ದ ನೆರಳು ಈಗ ಹರಿದ ಚಿಂದಿಯಂತೆ ಕಾಣುತ್ತಿತ್ತು. ಒಂಬತ್ತನೆಯ ದಿನ ಅದನ್ನು ಹಿತ್ತಲಿನ ಒಗೆಯುವ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದ. ಒಂದಿಂಚು ದಪ್ಪದ ಗಾಜು ಮೊದಲ ಏಟಿಗೆ ಒಡೆಯಲಿಲ್ಲ. ನಾಲ್ಕು ಏಟು ಬೇಕಾಯಿತು.

ರೋಶನಬಿ ಓಡಿಬಂದಳು. ಅವನ ಅಂಗೈಯಿಂದ ರಕ್ತ ಇಳಿಯುತ್ತಿತ್ತು. ಅವಳು ಸೆರಗು ಹರಿದು ಕಟ್ಟಿ, ಕೂತು ಒಂದೊಂದೇ ಚೂರು ಆರಿಸಿ ಬುಟ್ಟಿಗೆ ಹಾಕಿದಳು.

ಜೂನ್ ಎರಡನೇ ವಾರ ಪ್ರೊಫೆಸರ ಪತ್ರ ಬಂತು. ಪರದೇಶಕ್ಕೆ ಹೋಗಿದ್ದರಂತೆ, ಅದಕ್ಕೆ ತಡ. ಉಳವಪ್ಪ ಅಂಗಡಿಯಲ್ಲಿ ನಿಂತು ಓದಿದ. ಓದುತ್ತ ಓದುತ್ತ ಅವನ ದನಿ ಸಣ್ಣದಾಯಿತು.

"'ಶನಿಯ ಉಂಗುರ ತಾಟಿನಂತೆ ಅಗಲವಾದದ್ದು, ಆದರೆ ಕಾಗದಕ್ಕಿಂತ ತೆಳ್ಳಗಿನದು ಎಂದೇ ತಿಳಿಯಿರಿ. ಹದಿನಾಲ್ಕು-ಹದಿನೈದು ವರ್ಷಕ್ಕೊಮ್ಮೆ ಅದರ ಅಂಚು ನೇರ ನಮ್ಮ ಕಡೆಗೇ ತಿರುಗುತ್ತದೆ. ಆಗ ಅದು ಕಾಣುವುದಿಲ್ಲ. ಈ ವರ್ಷ ಹಾಗೇ ಆಗಿದೆ. ಭೇಟಿಯಾದಾಗಲೇ ಹೇಳಬೇಕಿತ್ತು, ಗ್ರಹಣದ ಗಡಿಬಿಡಿಯಲ್ಲಿ ಮರೆತೆ. ನಿಮ್ಮ ಕನ್ನಡಿಯಲ್ಲಿ ಯಾವ ದೋಷವೂ ಇಲ್ಲ. ಬರುವ ವರ್ಷ ಉಂಗುರ ಮತ್ತೆ ತೆರೆದುಕೊಳ್ಳುತ್ತದೆ, ಖಂಡಿತ ನೋಡುತ್ತೀರಿ. ದಯವಿಟ್ಟು ಕನ್ನಡಿಯನ್ನು ಮುಟ್ಟಬೇಡಿ.'"

ಅಬ್ದುಲಗನಿ ವಜ್ರದ ಮೊನೆಯನ್ನು ಮೇಜಿನ ಮೇಲಿಟ್ಟ. "ಇನ್ನೊಮ್ಮೆ ಓದ್ರಿ" ಎಂದ. ಉಳವಪ್ಪ ಓದಿದ. "ಕಡೀ ಮಾತು ಇನ್ನೊಮ್ಮೆ." ಓದಿದ.

"ಆತು ಮಾಸ್ತರ. ನೀವು ಹೋಗ್ರಿ."

ಅವನೂ ಅಂಗಡಿ ತೆರೆದಿಟ್ಟೇ ಎದ್ದು ಹೋದ. ಭೀಷ್ಮಕೆರೆಯ ದಂಡೆಯ ಮೇಲೆ ಹೋಗಿ ಕೂತ. ಸತ್ತರೆ ಆದೀತೆಂಬ ವಿಚಾರವೂ ಬಂತು. ಆದರೆ ವಿಚಾರ ಮುಗಿಯುವುದರೊಳಗೆ ಹೊತ್ತು ಮುಳುಗಿ, ನೀರು ಯಾವ ಕಡೆ, ದಾರಿ ಯಾವ ಕಡೆ ಎಂಬುದೇ ಕಾಣದಾಯಿತು. ಸಾಯಲಿಕ್ಕೂ ಕಣ್ಣು ಬೇಕೆಂದು ಅನಿಸಿ ಅವನು ಗಟ್ಟಿಯಾಗಿ ಅತ್ತ. ರೋಶನಬಿ ತನ್ನ ತಮ್ಮ ನಜೀರಸಾಬನನ್ನು ಕರೆದುಕೊಂಡು ಊರೆಲ್ಲ ಹುಡುಕಿ ಅಲ್ಲಿಗೆ ಬಂದಾಗ ಕತ್ತಲಾಗಿತ್ತು. ಅವಳು ಅವನ ಪಕ್ಕ ಕೂತಳು.

"ನಾಲ್ಕ ವಾರ, ರೋಶನಾ. ನಾಲ್ಕ ವಾರ ತಡದಿದ್ರ ಸಾಕಾಗಿತ್ತು. ನನ್ನ ಕೈಯಾರೆ ನಾನ ಒಡದೆ."

"ಹೌದು, ಒಡದ್ರಿ. ಚೂರು ಆರಿಸಿದಾಕಿ ನಾನು, ನನಗ ಗೊತ್ತಿಲ್ಲೇನು? ಏಳ್ರಿ, ಮನಿಗೆ ನಡೀರಿ."

ಹನ್ನೊಂದು ದಿನ ಅಂಗಡಿ ತೆರೆಯಲಿಲ್ಲ. ಹನ್ನೆರಡನೆಯ ದಿನ ತನ್ನ ಅಪ್ಪನ ಪಟಕ್ಕೆ ಕಟ್ಟು ಹಾಕಿಸಲು ಬಂದ ಹಿರೇಹಂದಿಗೋಳದ ರೈತನೊಬ್ಬ ಬಾಗಿಲಲ್ಲೇ ಕೂತುಬಿಟ್ಟದ್ದಕ್ಕೆ ತೆರೆದ. ನವೆಂಬರಿನಲ್ಲಿ ಇನ್ನೊಂದು ಯಂತ್ರ ಶನಿಯನ್ನು ಹಾಯ್ದು, ಅದರ ಚಿತ್ರಗಳು ಪೇಪರಿನಲ್ಲಿ ಬಂದವು. ಒಂದಲ್ಲ, ನೂರಾರು ಉಂಗುರಗಳಂತೆ. ಉಳವಪ್ಪ ಪೇಪರು ತಂದು ಕೊಟ್ಟ. ಅಬ್ದುಲಗನಿ ಅದನ್ನು ಮುಖಕ್ಕೆ ಹತ್ತಿರ ಹಿಡಿದ. ಒಂದು ತುಣುಕು ಕಂಡರೆ ಇನ್ನೊಂದು ಕಾಣದು. ಪ್ರೊಫೆಸರು ಕೊಟ್ಟ ಭೂತಗನ್ನಡಿ ಇಟ್ಟು ನೋಡಿದರೆ ಬರೀ ಮಸಿಯ ಚುಕ್ಕಿಗಳು. ಪೇಪರನ್ನು ಮಡಚಿ ಹಿಂದಕ್ಕೆ ಕೊಟ್ಟ.

ಮತ್ತೆ ಉಜ್ಜೋಣವೆಂದವಳು ರೋಶನಬಿ. ಅಷ್ಟು ದಪ್ಪದ ಗಾಜು ಸಿಗಲು ಎಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ 1981ರ ಬೇಸಿಗೆ ಬಂದು ಹೋಯಿತು. ಆ ಬೇಸಿಗೆಯೆಲ್ಲ ಶನಿ ಉಂಗುರ ತೆರೆದುಕೊಂಡು ಮಾಳಿಗೆಯ ನೆತ್ತಿಯ ಮೇಲೇ ಹಾಯ್ದಿತ್ತು. ಅವನ ಬಳಿ ಬರಿಯ ತಗಡಿನ ಕೊಳವೆ. ಮುಂದಿನ ವರ್ಷಗಳಲ್ಲಿ ಕನ್ನಡಿ ಹದಕ್ಕೆ ಬಂದಂತೆ ಕಣ್ಣು ಕಡಿಮೆಯಾದವು. 1982ಕ್ಕೆ ಅಕ್ಷರ ಒಂದೊಂದಾಗಿ ಕಾಣುತ್ತಿದ್ದವು. 1983ರ ದೀಪಾವಳಿಯ ಹೊತ್ತಿಗೆ ಬೆಳಕು-ಕತ್ತಲೆಯ ಭೇದವಷ್ಟೇ ಉಳಿದಿತ್ತು. ಅವನು ಕೈ ಅಂದಾಜಿನಿಂದಲೇ ಉಜ್ಜಿದ. ಗಾಜಿನ ಸದ್ದು ಕೇಳಿ ಪುಡಿ ಸವೆದದ್ದು ತಿಳಿಯುತ್ತಿತ್ತು. ನೆರಳು ನೋಡುವವಳು ರೋಶನಬಿ.

"ನಡುವ ಸ್ವಲ್ಪ ಉಬ್ಬೇತಿ. ಅಂಚಿನ ಕಡೆ ನೆರಳು ಹರದಂಗ ಐತಿ."

"ಎಷ್ಟಗಲ?"

"ಎರಡು ಬೆರಳ."

ಅವನು ಅಷ್ಟೇ ಉಜ್ಜುತ್ತಿದ್ದ.

1984ರ ಮೇ ತಿಂಗಳ ಒಂದು ರಾತ್ರಿ ಹೊಸ ಕನ್ನಡಿ ಕೊಳವೆಗೆ ಏರಿತು. ರೋಶನಬಿ ಗುರಿಹಿಡಿದು ಕಣ್ಣಿಟ್ಟಳು.

"ಐತೇನ?" ಎಂದ ಅವನು.

"ಐತಿ."

"ನನ್ನ ಸಮಾಧಾನಕ್ಕ ಹೇಳಬ್ಯಾಡ."

"ಅಲ್ಲಾನ ಆಣಿ, ಐತಿ. ಆದ್ರ ನೀವು ಹೇಳಿದಂಗ ಇಲ್ಲ. ಒಂದ ಉಂಗುರಲ್ಲ, ಎರಡು ಅದಾವು. ನಡುವ ಕರೀ ಗೀಟು ಐತಿ, ಭಾಳ ಸಣ್ಣದು, ಪೆನ್ಸಿಲಿಲೆ ಎಳದಂಗ. ಮತ್ತ ಮಗ್ಗಲದಾಗ ಒಂದು ಸಣ್ಣ ಚುಕ್ಕಿ ಸುಮ್ಮನ ನಿಂತೈತಿ."

ಉಳವಪ್ಪ ಪುಸ್ತಕದಲ್ಲಿ ಓದಿ ಹೇಳಿದ್ದ ಆ ಗೀಟಿನ ವಿಷಯ ಅವನು ಅವಳಿಗೆ ಎಂದೂ ಹೇಳಿರಲಿಲ್ಲ. ಶಾಲೆಯ ಪಟದಲ್ಲೂ ಅದು ಇರಲಿಲ್ಲ. ಅವಳು ನಿಜವಾಗಿ ನೋಡುತ್ತಿದ್ದಾಳೆ ಎಂಬುದು ಖಾತ್ರಿಯಾಯಿತು. ಕನ್ನಡಿ ಸರಿಯಾಗಿದೆ ಎಂಬುದೂ. ಅವಳನ್ನು ಸರಿಸಿ ತಾನೂ ಕಣ್ಣಿಟ್ಟ. ಹಿತ್ತಾಳೆ ರೆಪ್ಪೆಗೆ ತಣ್ಣಗೆ ತಾಗಿತು, ಅಷ್ಟೇ. ಕತ್ತಲೆಯಲ್ಲಿ ಕತ್ತಲೆ. ಅವನು ಕಣ್ಣು ತೆಗೆಯದೆ ಹಾಗೇ ಬಗ್ಗಿಕೊಂಡು ನಿಂತಿದ್ದ; ಶನಿ ಜಾರಿ ಕೊಳವೆಯಿಂದ ಆಚೆ ಹೋಗಿ ಎಷ್ಟೋ ಹೊತ್ತಾದ ಮೇಲೂ. ರೋಶನಬಿ ಕರೆಯಲಿಲ್ಲ.

ಮಳೆ ಬರುವವರೆಗೂ ದಿನಾ ಸಂಜೆ ಅವಳನ್ನು ಮಾಳಿಗೆಗೆ ಕರೆದೊಯ್ದು "ಹೇಳು" ಎನ್ನುತ್ತಿದ್ದ. ಅವಳು ಹೇಳುತ್ತಿದ್ದಳು. ಮೋಡ ಕವಿದ ಮೇಲೆ ಕೇಳುವುದನ್ನು ನಿಲ್ಲಿಸಿದ, ಮತ್ತೆ ಕೇಳಲಿಲ್ಲ. ಬಾಲಚುಕ್ಕೆ ಬಂದ ವರ್ಷ, 1986ರಲ್ಲಿ, ಶಿರಹಟ್ಟಿಯಿಂದ, ಶಿಗ್ಲಿಯಿಂದ ಜನ ಅವನ ಮಾಳಿಗೆ ಹುಡುಕಿ ಬಂದರು. ರೋಶನಬಿ ಎಲ್ಲರಿಗೂ ತೋರಿಸಿದಳು. ಮೇಲಿನಿಂದ "ಅಬಾಬಾ" ಎಂಬ ಉದ್ಗಾರ ಕೇಳಿದಾಗಲೆಲ್ಲ ಅವನು ಕೆಳಗೆ ಒಲೆಯ ಮುಂದೆ ಕೂತು ಕಿವಿ ಮುಚ್ಚಿಕೊಳ್ಳುತ್ತಿದ್ದ. ಯಾಕೆ ಮೇಲೆ ಬರುವುದಿಲ್ಲವೆಂದು ಯಾರೂ ಕೇಳಲಿಲ್ಲ.

ಆದರೂ ಕೈ ಸುಮ್ಮನಿರಲಿಲ್ಲ. ಅಂಗಡಿಯನ್ನು ನಜೀರಸಾಬನಿಗೆ ಬಿಟ್ಟುಕೊಟ್ಟು, ಉಳವಪ್ಪನ ಒತ್ತಾಯಕ್ಕೆ ಲಕ್ಷ್ಮೇಶ್ವರದ ಶಾಲೆಗೊಂದು, ಶಿರಹಟ್ಟಿಗೊಂದು ಕನ್ನಡಿ ಉಜ್ಜಿಕೊಟ್ಟ. ಮೂರನೆಯದು ಮುಂಡರಗಿಗೆ. 1988ರ ಚಳಿಗಾಲದಲ್ಲಿ ಅದನ್ನು ರೋಶನಬಿಯ ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಇಬ್ಬರೂ ಬಸ್ಸಿನಲ್ಲಿ ಹೋದರು. ಹೆಡ್‌ಮಾಸ್ತರರು ಚಹಾ ತರಿಸಿ ಕೊಟ್ಟು, ಕನ್ನಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕರಿ ಚಷ್ಮಾ ಹಾಕಿದ ಗನಿಸಾಬನ ಕಣ್ಣಿನ ಸಂಗತಿ ಅವರಿಗೆ ಯಾರೂ ಹೇಳಿರಲಿಲ್ಲ.

"ಇದರಾಗ ಶನಿ ಹೆಂಗ ಕಾಣತೈತ್ರಿ ಸಾಹೇಬ್ರ? ಖರೇನ ಅಷ್ಟು ಚಂದೇನ್ರಿ?"

"ನನಗ ಗೊತ್ತಿಲ್ಲರಿ" ಎಂದ ಅಬ್ದುಲಗನಿ. "ನಾ ನೋಡಿದ ವರ್ಷ ಅದಕ್ಕ ಉಂಗುರ ಇರಲಿಲ್ಲ."

ಹೆಡ್‌ಮಾಸ್ತರರು ಅರ್ಥವಾಗದೆ ನಕ್ಕರು. ರೋಶನಬಿ ಗಂಡನ ಕೈಗೆ ಚಹಾದ ಬಸಿಯನ್ನು ಹಿಡಿಸಿದಳು.